ಮಲ್ಲಮ್ಮನ ಹೊಲದ ಪ್ಲಾಟಿನಂ

ಹೋದ ತಿಂಗಳು ಇಬ್ಬರು ತರುಣರು ಜಹೀರಾಬಾದಿನ ನಮ್ಮ ಮನೆಗೆ ಬಂದಿದ್ದರು. ನಾನು ಇಡೀ ಆಯುಷ್ಯ ದುಡಿದ ಇಲಾಖೆಗೇ ಹೊಸದಾಗಿ ಸೇರಿದ ಭೂವಿಜ್ಞಾನಿಗಳು. ಚಹಾ ಮುಗಿದ ಮೇಲೆ ಅವರಲ್ಲಿದ್ದ ಹುಡುಗಿ ಕೇಳಿದಳು: ‘ಸರ್, ನಿಮ್ಮ ಸರ್ವಿಸಿನಲ್ಲಿ ನೀವು ಕಂಡುಹಿಡಿದದ್ದರಲ್ಲಿ ದೊಡ್ಡದು ಯಾವುದು?’ ‘ಒಂದು ಹೊಲದಲ್ಲಿ ಏನೂ ಇಲ್ಲ ಅಂತ ಕಂಡುಹಿಡಿದೆನಮ್ಮ’ ಎಂದೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಇಬ್ಬರೂ ನಕ್ಕರು. ಬಸ್ಸಿನ ಹೊತ್ತಾಗಿತ್ತು, ಹೊರಟುಹೋದರು. ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನ ಇದರಲ್ಲಿ ಇರುವುದಿಲ್ಲ. ಅವು ನನ್ನ ಸರ್ವಿಸ್ ಪುಸ್ತಕದಲ್ಲಿವೆ, ಅದನ್ನು ಯಾರೂ ಓದುವುದಿಲ್ಲ.

ಮೊದಲು ಉಂಗುರದ ಸಂಗತಿ. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಅಧಿಕಾರಿಯೊಬ್ಬರು ಕಲ್ಹೇರ್ ಕಡೆಯ ಕ್ಯಾಂಪಿಗೆ ಕರೆದುಕೊಂಡು ಹೋದರು. ಮೊದಲ ದಿನವೇ ನನ್ನ ಕೈ ಹಿಡಿದು ನೋಡಿ, ‘ಈ ಉಂಗುರ ಬಿಚ್ಚಿ ಜೇಬಿಗೆ ಹಾಕು, ಆಮೇಲೆ ಸುತ್ತಿಗೆ ಮುಟ್ಟು’ ಅಂದರು. ಮದುವೆಯಾಗಿ ಒಂದು ತಿಂಗಳಾಗಿತ್ತು. ನನಗೆ ಒಳಗೊಳಗೇ ಸಿಟ್ಟು ಬಂತು. ಸಂಜೆ ಅವರೇ ಕೂರಿಸಿಕೊಂಡು ಬಿಡಿಸಿ ಹೇಳಿದರು. ಚಿನ್ನ, ಪ್ಲಾಟಿನಂನಂಥ ಲೋಹಗಳು ಕಲ್ಲಿನಲ್ಲಿ ನೂರು ಕೋಟಿಗೆ ಒಂದೋ ಎರಡೋ ಪಾಲು ಇರುತ್ತವೆ. ಉಂಗುರ ಸವೆದು ಬಿದ್ದ, ಕಣ್ಣಿಗೆ ಕಾಣದ ಪುಡಿ ಸಾಕು, ಬಡ ಕಲ್ಲು ಕಾಗದದ ಮೇಲೆ ಶ್ರೀಮಂತವಾಗಿಬಿಡುತ್ತದೆ. ಅವತ್ತಿನಿಂದ ನಾನು ಎಷ್ಟು ಜನರ ಉಂಗುರ, ಬಳೆ, ಕಾಲುಂಗುರ ಬಿಚ್ಚಿಸಿದೆನೆಂದರೆ, ಬೆನ್ನ ಹಿಂದೆ ನನ್ನನ್ನು ‘ಪತ್ತಾರ ಸಾಹೇಬ’ ಎನ್ನುತ್ತಿದ್ದರು. ನಮ್ಮ ಕಡೆ ಅಕ್ಕಸಾಲಿಗೆ ಪತ್ತಾರ ಅನ್ನುತ್ತಾರೆ. ಆ ಹೆಸರು ನನಗೆ ಹೆಮ್ಮೆಯದೇ ಆಗಿತ್ತು. ಆ ಹೆಮ್ಮೆ ಎಲ್ಲಿ ಮುರಿಯಿತು ಎಂಬುದೇ ಈ ಕಥೆ.

ಆಗ ನಾವು ದಿಕ್ಸೂಚಿ ಹಿಡಿದು, ಹೆಜ್ಜೆ ಎಣಿಸಿ ನಕಾಶೆ ಬರೆಯುತ್ತಿದ್ದೆವು. ಮಧ್ಯೆ ಯಾರಾದರೂ ‘ನಮಸ್ಕಾರ್ರಿ’ ಅಂದರೆ ಎಣಿಕೆ ತಪ್ಪಿ, ಹೊರಟ ಬೇವಿನ ಮರದಿಂದ ಮತ್ತೆ ಶುರು. ಈಗ ಜೇಬಿನ ಫೋನೇ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಒಳ್ಳೆಯದೇ. ಆದರೆ ನೀವು ಏನು ಮಾಡುತ್ತಿದ್ದೀರಿ ಎಂದು ಅದು ಹೇಳುವುದಿಲ್ಲ.

ಬೇರೆ ರಾಜ್ಯ ಬೇಕೆಂದು ತೆಲಂಗಾಣವೆಲ್ಲ ಬೀದಿಗೆ ಇಳಿದಿದ್ದ ವರ್ಷಗಳವು. ನನ್ನ ನಿವೃತ್ತಿಗೆ ಎರಡೋ ಮೂರೋ ವರ್ಷ ಉಳಿದಿತ್ತು. ತಾಂಡೂರಿನ ದಕ್ಷಿಣಕ್ಕೆ ನಮಗೆ ಕೆಲಸ ಬಿತ್ತು. ತಾಂಡೂರು ಅಂದರೆ ಜನಕ್ಕೆ ನೆಲಕ್ಕೆ ಹಾಸುವ ನೀಲಿ ಬಂಡೆ ನೆನಪಾಗುತ್ತದೆ. ನಾವು ಹೋಗಿದ್ದು ಅದಕ್ಕಲ್ಲ. ಆ ಕಡೆಯ ಕಣಶಿಲೆಯ, ಅಂದರೆ ಗ್ರಾನೈಟಿನ, ನೆಲದಲ್ಲಿ ಅಲ್ಲಲ್ಲಿ ಕಿಂಬರ್ಲೈಟ್ ಎಂಬ ಕಲ್ಲಿದೆ. ನೂರು ಕೋಟಿ ವರ್ಷಕ್ಕೂ ಹಿಂದೆ, ಬಾವಿ, ಬೋರ್‌ವೆಲ್, ಗಣಿ ಯಾವುದೂ ಮುಟ್ಟಲಾರದಷ್ಟು ಆಳದಿಂದ ಕರಗಿ ಮೇಲೆ ನುಗ್ಗಿ ಬಂದ ಜ್ವಾಲಾಮುಖಿಯ ಕಲ್ಲು ಅದು. ನೆಲದೊಳಗೆ ಗಜ್ಜರಿಯ ಆಕಾರದಲ್ಲಿ ನಿಂತಿರುತ್ತದೆ. ವಜ್ರ ಸಿಗುವುದೂ ಇದರಲ್ಲೇ, ಸಿಗದಿರುವುದೂ ಇದರಲ್ಲೇ. ವಜ್ರ ಬೇಡ, ಪ್ಲಾಟಿನಂ ಬಳಗದ ಲೋಹ ಎಷ್ಟಿದೆ ನೋಡಿ ಎಂದು ನಮಗೆ ಆದೇಶವಾಗಿತ್ತು. ಆ ಬಳಗದಲ್ಲಿ ಆರು ಜನ ಅಣ್ಣತಮ್ಮಂದಿರು: ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ, ರುಥೇನಿಯಂ, ಇರಿಡಿಯಂ, ಆಸ್ಮಿಯಂ. ಈ ಆರರಲ್ಲಿ ಯಾರು ಎಷ್ಟಿದ್ದಾರೆ ಎಂಬುದರಿಂದ ಭೂಮಿಯ ಆಳದಲ್ಲಿ ಆಗ ಏನು ನಡೆಯಿತು ಎಂದು ತಿಳಿಯುತ್ತದೆ.

ನನ್ನ ಜೊತೆ ಬೀರಪ್ಪ ಇದ್ದ. ಮನೂರಿನ ಕುರಿ ಸಾಕುವ ಮನೆತನದವನು, ಇಲಾಖೆಯಲ್ಲಿ ಇಪ್ಪತ್ತು ವರ್ಷದಿಂದ ನನ್ನ ಸಹಾಯಕ. ಮಣ್ಣಿನ ಬಣ್ಣ ನೋಡಿ ಅವನು ಹೇಳಿದ್ದು ನನ್ನ ನಕಾಶೆಗಿಂತ ಹೆಚ್ಚು ಸಲ ಸರಿಯಾಗಿದೆ. ಈ ಸಲವೂ ಅವನೇ ಹೇಳಿದ: ‘ನಮ್ಮಕ್ಕನ ಹೊಲದಾಗ ಅಂಥಾದೇ ಹಳದಿ ಮಣ್ಣು ಅದರಿ ಸಾಹೇಬ್ರ. ಬ್ಯಾಸಗಿ ದಿನದಾಗೂ ಹುಲ್ಲು ಹಸರು ಇರ್ತದ.’ ಹೋಗಿ ನೋಡಿದರೆ ನಿಜ. ಕಿಂಬರ್ಲೈಟ್ ಕೊಳೆತು ಆದ ಮಣ್ಣು, ನೀರು ಹಿಡಿದಿಟ್ಟುಕೊಳ್ಳುವಂಥದ್ದು. ಅವನ ಅಕ್ಕ ಮಲ್ಲಮ್ಮ ಗಂಡ ತೀರಿಕೊಂಡ ಮೇಲೆ ಅದೇ ಹೊಲ ನೋಡಿಕೊಂಡಿದ್ದಳು. ಹಿಂಗಾರಿಯಲ್ಲಿ ಬಿಳಿಜೋಳ, ಉಳಿದಂತೆ ಒಂದಿಷ್ಟು ಕುರಿ. ತಮ್ಮನ ಮಾತಿಗೆ ಗುಂಡಿ ತೋಡಲು ಬಿಟ್ಟಳು. ತೋಡಿದೆವು. ಚೀಲ ತುಂಬುವ ಹೊತ್ತಿಗೆ ಮಳೆ ಹಿಡಿಯಿತು. ಜೀಪಿನ ಹಿಂದೆ ಸೋರುವ ತಾಡಪಾಲಿನ ಕೆಳಗೆ ಚೀಲಗಳು ನೆನೆದು ಮುದ್ದೆಯಾಗಿ ಜಹೀರಾಬಾದಿಗೆ ಬಂದವು.

ಹಸಿ ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸುವಂತಿಲ್ಲ. ಒಣಗಿಸಿ, ಪುಡಿ ಮಾಡಿ, ರಾಶಿ ಹಾಕಿ, ಜೋಳದ ಭಕ್ಕರಿ ಮುರಿದಂತೆ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಕೊಳ್ಳಬೇಕು. ಅದನ್ನೆಲ್ಲ ಮಾಡುವ ನಮ್ಮ ಕ್ಯಾಂಪ್ ಆಫೀಸಿಗೆ ಬಂದ್ ಎಂದು ಬೀಗ ಹಾಕಿದ್ದರು. ಮರುದಿನ ಬಿಸಿಲು ಬಿತ್ತು, ಅವತ್ತೇ ಹೆದ್ದಾರಿಯಲ್ಲಿ ರಸ್ತಾರೋಕೋ. ಚೀಲ ಹಾಕಿಕೊಂಡು ಒಣಗಿಸಲು ಬೇರೆ ಜಾಗ ಹುಡುಕುತ್ತ ಹೊರಟಿದ್ದ ನಮ್ಮ ಜೀಪು ಪಸ್ತಾಪುರದ ಕ್ರಾಸಿನ ಹತ್ತಿರ ನಿಂತಿತು. ಮುಂದೆ ಹೋಗುವಂತಿಲ್ಲ, ಹಿಂದೆಯೂ ಇಲ್ಲ. ಹೆಣ್ಣುಮಕ್ಕಳು ರಸ್ತೆಯ ನಡುವೆಯೇ ಕಲ್ಲು ಹೂಡಿ ಒಲೆ ಹಚ್ಚಿ ಅಡಿಗೆಗೆ ಇಟ್ಟಿದ್ದರು. ಹೀಗೆ ರಸ್ತೆಯ ಮೇಲೆ ಬೇಯಿಸಿ ಉಣ್ಣುವುದೂ ಆಗ ಚಳವಳಿಯ ಒಂದು ರೀತಿ.

ಮುಂಬೈ ಹೆದ್ದಾರಿ ಹಾಗೆ ಬರಿದಾಗಿ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಕಪ್ಪು ಡಾಂಬರು ಹಂಚಿನಷ್ಟು ಕಾದಿತ್ತು. ನಮ್ಮ ಕಡೆ ಜೋಳ, ತೊಗರಿ, ಮೆಣಸಿನಕಾಯಿ ಎಲ್ಲ ಒಣಗುವುದು ರಸ್ತೆಯ ಮೇಲೆಯೇ. ಬೀರಪ್ಪ ನನ್ನ ಮುಖ ನೋಡಿದ. ನಾನೇ ಬಾಯಿಬಿಟ್ಟೆ: ‘ಹರವಿಬಿಡೋಣೇನು?’

‘ಇದಕಿಂತ ಛಲೋ ಕಣ ಎಲ್ಲಿ ಸಿಗ್ತದರಿ’ ಎಂದ.

ಹರವಿದೆವು. ಹರವುವ ಮೊದಲು ನಾನು ಮರೆಯದೆ ನನ್ನ ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಇದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಹೆಣ್ಣುಮಕ್ಕಳು ಸಾವೆ ಅನ್ನ, ಪುಂಡಿಪಲ್ಯ ಬಡಿಸಿದರು, ಹೊಟ್ಟೆ ತುಂಬ ಉಂಡೆವು. ಸಂಜೆ ರಸ್ತೆ ಬಿಡುವ ಹೊತ್ತಿಗೆ ಮಣ್ಣು ಗರಿಗರಿಯಾಗಿ ಒಣಗಿತ್ತು. ಬೀರಪ್ಪ ಯಾರದೋ ಕಸಬರಿಗೆ ತಂದು, ಕಾಳು ಬಳಿಯುವ ಹಾಗೆ ಒಂದು ಚಿಟಿಕೆಯೂ ಉಳಿಯದಂತೆ ಬಳಿದು, ಅಲ್ಲೇ ನಾಲ್ಕು ಪಾಲು ಮಾಡಿದ. ‘ಬೀರಪ್ಪ, ನಿನ್ನ ಕೈ ಭಾಳ ನೀಟು’ ಎಂದು ನಾನು ಹೊಗಳಿದೆ. ಚೀಟಿ ಬರೆದು ಸಹಿ ಹಾಕಿದವನೂ ನಾನೇ.

ಫಲಿತಾಂಶ ಬರಲು ಮುಂಗಾರು ಪೂರ್ತಿ ಹಿಡಿಯಿತು. ಬಂದ ದಿನ ಹೈದರಾಬಾದಿನಿಂದ ನಮ್ಮ ದೊಡ್ಡ ಸಾಹೇಬರು ರಾಜಾರಾವ್ ಫೋನ್ ಮಾಡಿದರು. ಅವರದು ತೆಲುಗು, ನಾನು ಕನ್ನಡದಲ್ಲಿ ಬರೆಯುತ್ತೇನೆ. ‘ಶಂಕರಪ್ಪ, ಸುತ್ತಲ ಗುಂಡಿಗಳಿಗಿಂತ ಆ ಹೆಣ್ಣುಮಗಳ ಹೊಲದಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಎಷ್ಟೋ ಪಟ್ಟು ಹೆಚ್ಚು ಬಂದಿದೆ. ಗಣಿ ತೆಗೆಯುವಷ್ಟಲ್ಲ, ಆದರೆ ಕೊರೆದು ನೋಡಲೇಬೇಕಾದಷ್ಟು.’ ಫಲಿತಾಂಶದ ಹಾಳೆಯಲ್ಲಿ ಆರು ಲೋಹಕ್ಕೆ ಆರು ಕಲಂ ಇದ್ದವು. ನಾವಿಬ್ಬರೂ ಓದಿದ್ದು ಎರಡು. ಖುಷಿ ಬಂದಾಗ ಮನುಷ್ಯ ಅಷ್ಟೇ ಓದುತ್ತಾನೆ. ನಾನು ಬೇಕರಿಯಿಂದ ಖೋವಾ ತರಿಸಿ ಓಣಿಗೆಲ್ಲ ಹಂಚಿದೆ.

ಮೂರೇ ದಿನದಲ್ಲಿ ಕಾಗದ ಹೊರಟಿತು: ಕೊರೆಯುವ ಯಂತ್ರ ಬರುವ ತನಕ ಆ ಹೊಲವನ್ನು ಉಳಬಾರದು, ಬಿತ್ತಬಾರದು. ಅದನ್ನು ಮಲ್ಲಮ್ಮನಿಗೆ ಓದಿ ಹೇಳುವ ಕೆಲಸ ನನಗೇ ಬಂತು. ಅವಳು ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿ, ಹಸ್ತಾ, ಚಿತ್ತಾ ನಕ್ಷತ್ರದ ಮಳೆಗಳ ಲೆಕ್ಕ ಹಾಕಿದಳು.

‘ಹಸ್ತಿ ಮಳಿ ಬರಾಕ ಹತ್ಯಾದರಿ. ಚಿತ್ತಿ ಮಳಿ ದಾಟಿದ್ರ ಬಿಳಿಜ್ವಾಳ ಬಿತ್ತಾಕ ಆಗಂಗಿಲ್ಲ. ಮಷಿನ್ ಯಾವಾಗ ಬರ್ತದ?’

‘ಬರ್ತದ ಅಕ್ಕಾ, ಜಲ್ದಿನೇ ಬರ್ತದ.’

‘ಈ ಸಲ ಬಿತ್ತಬ್ಯಾಡ ಅಂತೀರಿ. ಮುಂದಿನ ಸಲ ಈ ಕಡಿ ಬರಬ್ಯಾಡ ಅಂತೀರಿ. ಹೌದಿಲ್ರಿ?’

ನಾನು ಕಾಗದ ಮಡಚಿ ಅವಳ ಮುಂದೆ ಇಟ್ಟೆ. ಬೀರಪ್ಪ ಬಾಗಿಲ ಹೊರಗೆ ನಿಂತು ಚಪ್ಪಲಿಯಿಂದ ನೆಲ ಕೆರೆಯುತ್ತಿದ್ದ. ಹೊಲ ತೋರಿಸಿದವನು ಅವನು. ಅದಾದ ವಾರದೊಳಗೆ ಸರ್ಕಾರಿ ನೌಕರರೆಲ್ಲ ಮುಷ್ಕರ ಹೂಡಿದರು. ಆಫೀಸು, ಬಸ್ಸು, ಶಾಲೆ ಎಲ್ಲ ಬಂದ್. ಯಂತ್ರ ಎಲ್ಲಿತ್ತೋ ಅಲ್ಲೇ ನಿಂತಿತು. ಬಿತ್ತಬಾರದೆಂಬ ಕಾಗದ ಮಾತ್ರ ಮುಷ್ಕರಕ್ಕೆ ಸೇರಲಿಲ್ಲ.

ಆಗ ಶಾಹೀನ್ ಬೇಗಂ ಫೋನ್ ಮಾಡಿದರು. ಪ್ರಯೋಗಾಲಯದ ರಸಾಯನಜ್ಞೆ, ಬೀದರಿನವರು, ನನ್ನ ಸಂಗಡ ನಮ್ಮ ಮಾತಿನಲ್ಲೇ ಮಾತಾಡುವವರು. ಅವರ ಕಡೆ ಅರ್ಧ ಬಾಗಿಲು ತೆರೆದು ಕೆಲಸ ನಡೆದಿತ್ತು.

‘ಶಂಕರಪ್ಪಾರ, ಒಂದ್ ಮಾತು ಕೇಳ್ತೀನಿ, ನಾರಾಜ್ ಆಗಬ್ಯಾಡ್ರಿ. ನಿಮ್ಮ ಹೊಲದಾಗ ಕಾರು ಓಡ್ತಾವೇನ್ರಿ?’

‘ಕುರಿ ಓಡ್ತಾವ. ಯಾಕ್ರಿ?’

‘ಅಲ್ರಿ, ಆರು ಅಣ್ಣತಮ್ಮಂದಿರೊಳಗ ಮೂರೇ ಮಂದಿ ಬಂದಾರ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಇರಿಡಿಯಂ, ಆಸ್ಮಿಯಂ, ರುಥೇನಿಯಂ ಬಾಜೂ ಗುಂಡಿಯೊಳಗ ಎಷ್ಟು ಅದಾವೋ ಅಷ್ಟೇ ಅದಾವ, ಒಂದ್ ಚೂರೂ ಹೆಚ್ಚಿಲ್ಲ. ಅಷ್ಟ್ ಆಳದಿಂದ ಬಂದ ಕಲ್ಲಿನಾಗ ಹಿಂಗ ಆಗಂಗಿಲ್ರಿ. ಇದೇ ಮೂರು ಮಂದಿ ಕೂಡಿ ಬಂದಿದ್ದು ನಾ ಒಂದೇ ಕಡಿ ನೋಡೀನಿ. ಶಹರದ ರಸ್ತೆ ಧೂಳಿನಾಗ.’

ನನಗೆ ತಿಳಿಯದ ವಿಷಯವೇನಲ್ಲ. ಹೊಗೆಯ ವಿಷ ತೆಗೆಯಲೆಂದು ಕಾರಿನ ಹೊಗೆ ಕೊಳವೆಯೊಳಗೆ ಒಂದು ಡಬ್ಬಿ ಇಟ್ಟಿರುತ್ತಾರೆ. ಅದಕ್ಕೆ ಬಳಿಯುವುದು ಈ ಮೂರೇ ಲೋಹಗಳನ್ನು. ಗಾಡಿ ಓಡಿದಂತೆ ಅದು ಸವೆದು ರಸ್ತೆಯ ಮೇಲೆ ಬೀಳುತ್ತದೆ, ಅಂಚಿನ ಧೂಳಿನಲ್ಲಿ ಕೂಡುತ್ತದೆ. ಪಸ್ತಾಪುರ ಕ್ರಾಸು ಕಣ್ಣ ಮುಂದೆ ಬಂತು. ಕಸಬರಿಗೆ ಬಂತು. ‘ನಿನ್ನ ಕೈ ಭಾಳ ನೀಟು’ ಎಂದ ನನ್ನ ದನಿಯೂ ಕೇಳಿಸಿತು. ಹೈದರಾಬಾದಿನಿಂದ ಮುಂಬೈಗೆ ಹೋದ ಅಷ್ಟೂ ಕಾರುಗಳ ಧೂಳನ್ನು ನಾವು ಒಂದು ಚಿಟಿಕೆಯೂ ಬಿಡದೆ ಬಳಿದು, ಮಲ್ಲಮ್ಮನ ಹೊಲದ ಹೆಸರಿನಲ್ಲಿ ಚೀಟಿ ಅಂಟಿಸಿ ಕಳಿಸಿದ್ದೆವು.

ಹೊಸಬರಿಗೆ ಒಂದು ಮಾತು ಒಪ್ಪಿಕೊಂಡು ಹೇಳುತ್ತೇನೆ. ಆ ಫೋನಿನ ನಂತರ ಎರಡು ದಿನ ನಾನು ಸುಮ್ಮನಿದ್ದೆ. ಯಂತ್ರ ಬಂದು ಕೊರೆದರೆ ಹೇಗೂ ಏನೂ ಇಲ್ಲವೆಂದು ತಾನಾಗಿಯೇ ತಿಳಿಯುತ್ತದೆ, ಅಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ, ಯಾರೂ ಕಸಬರಿಗೆಯ ಸುದ್ದಿ ಎತ್ತುವುದಿಲ್ಲ ಎಂದು ಲೆಕ್ಕ ಹಾಕಿದೆ. ಮೂರನೆಯ ದಿನ ಬೀರಪ್ಪ ಮನೆಗೆ ಬಂದ. ‘ಅಕ್ಕ ಫೋನ್ ಮಾಡಿದ್ಳರಿ. ಹಸ್ತಿ ಮಳಿ ಛಲೋ ಆಗ್ಯಾದಂತ. ಸುತ್ತಮುತ್ತ ಎಲ್ಲಾರೂ ಬಿತ್ತಾಕ ಹತ್ಯಾರಂತ.’ ಬೇರೇನೂ ಕೇಳಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಅವನಿಗೆ ಎಲ್ಲ ಹೇಳಿದೆ. ಅವನು ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡ. ‘ನನ್ನ ಕಸಬಾರಿಗಿನೇ ನಮ್ಮಕ್ಕನ ಹೊಲ ತಿಂತಲ್ರಿ’ ಎಂದ. ‘ಬಾರಿಗಿ ನಿಂದು, ಬುದ್ಧಿ ನಂದು. ನಡಿ’ ಎಂದೆ.

ಸಿಕ್ಕ ಲಾರಿ, ಸಿಕ್ಕ ಆಟೋ ಹಿಡಿದು ಹೈದರಾಬಾದ್ ಮುಟ್ಟಿದೆವು. ರಾಜಾರಾವ್ ಸಾಹೇಬರು ಮನೆಯಲ್ಲೇ ಇದ್ದರು. ಪೂರ್ತಿ ಕೇಳಿ, ‘ಇದನ್ನು ಹೇಳಲು ಇಲ್ಲಿಯ ತನಕ ಬಂದೆಯಾ? ಫೋನ್ ಮಾಡಬಹುದಿತ್ತಲ್ಲ’ ಎಂದರು.

‘ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ ಸರ್.’

‘ಎದುರಿಗೆ ಹೇಳುವ ಧೈರ್ಯ ಇದೆಯಾ?’

‘ಇಲ್ಲ ಸರ್. ಆದರೆ ಬಂದುಬಿಟ್ಟಿದ್ದೇನೆ.’

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಈ ಹೊಲದ ಸುದ್ದಿಯನ್ನು ಅವರು ಆಗಲೇ ಮೇಲಿನವರ ಸಭೆಯಲ್ಲಿ ಹೇಳಿಬಿಟ್ಟಿದ್ದರು. ಅಲ್ಲಿಂದಲೇ, ‘ಉಂಗುರ ಬಿಚ್ಚಿದ್ದೆಯಾ?’ ಎಂದು ಕೇಳಿದರು. ‘ಬಿಚ್ಚಿದ್ದೆ ಸರ್’ ಎಂದೆ. ‘ಉಂಗುರ ಬಿಚ್ಚಿ ಹೆದ್ದಾರಿ ಹಾಕಿಕೊಂಡೆ’ ಎಂದರು. ನಗುತ್ತಿದ್ದಾರೋ ಬೈಯುತ್ತಿದ್ದಾರೋ ಬೆನ್ನು ನೋಡಿ ತಿಳಿಯಲಿಲ್ಲ. ಆಮೇಲೆ ತಿರುಗಿ, ‘ಹಳೆಯ ಮಣ್ಣು ಸುಳ್ಳು ಎಂದು ನೀನು ಹೇಳಿದರೆ ಸಾಲದು. ಹೊಸ ಮಣ್ಣು ಹೇಳಬೇಕು. ತಂದುಕೊಡು, ಬಂದ ದಿನವೇ ಕಾಗದ ಹಿಂದಕ್ಕೆ ತೆಗೆಯುತ್ತೇನೆ’ ಎಂದರು. ನಾನು ಅನೇಕ ಮೇಲಧಿಕಾರಿಗಳ ಕೈಕೆಳಗೆ ದುಡಿದಿದ್ದೇನೆ. ತಮ್ಮ ಮಾತು ಬಿದ್ದುಹೋಗುವುದನ್ನು ಕಂಡೂ ಹೀಗೆ ಹೇಳಿದವರು ಅವರೊಬ್ಬರೇ.

ಜೀಪಿಗೆ ಬೀಗ, ನಮ್ಮ ಬಸ್ಸುಗಳಿಲ್ಲ. ಗಡಿಯಾಚೆ ಕರ್ನಾಟಕದ ಬಸ್ಸುಗಳು ಓಡುತ್ತಿದ್ದವು. ಚಿಂಚೋಳಿಯ ಮೇಲೆ ಸುತ್ತಿ, ಉಳಿದ ದಾರಿ ಆಟೋದಲ್ಲಿ, ಕಡೆಗೆ ನಡೆದು ಮಲ್ಲಮ್ಮನ ಊರು ಸೇರಿದೆವು. ಅದೇ ಗುಂಡಿಯ ಗೋಡೆ ಹೆರೆದು ಹೊಸ ಮಣ್ಣು ತೆಗೆದೆವು. ಆದರೆ ಆಕಾಶದ ತುಂಬ ಮೋಡ. ಮಲ್ಲಮ್ಮ ತಮ್ಮನಿಂದ ಎಲ್ಲ ಕೇಳಿಕೊಂಡಿದ್ದಳು. ನಾನು ಹೇಳುವ ಮೊದಲೇ ಬೆಳ್ಳಿಯ ಕಡಗ ತೆಗೆದು ಗೂಟಕ್ಕೆ ಸಿಕ್ಕಿಸಿದಳು.

‘ಹಂಚಿನ ಮ್ಯಾಲ ಹುರದು ಕೊಡ್ಲೇನ್ರಿ? ಒಂದ್ ಗಳಿಗೆದಾಗ ಒಣಗ್ತದ.’

‘ಬ್ಯಾಡ ಅಕ್ಕಾ. ಇನ್ನು ಮ್ಯಾಲ ಯಾವ ಜಾಣತನಾನೂ ಬ್ಯಾಡ.’

ಮರಿಗಳನ್ನು ಕಟ್ಟುತ್ತಿದ್ದ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಳು. ಹೊಸ ಪ್ಲಾಸ್ಟಿಕ್ ಹಾಳೆಯ ಮೇಲೆ ಮಣ್ಣು ಹರವಿ, ಬಾಗಿಲ ಬಳಿ ನಾನು, ಹಿತ್ತಲ ಕಡೆ ಬೀರಪ್ಪ ಕಾವಲು ಕೂತೆವು. ಮೂರು ದಿನ. ಹಸ್ತಿ ಮುಗಿಯಿತು, ಚಿತ್ತಿ ಹತ್ತಿತು. ಪಕ್ಕದ ಹೊಲಗಳಲ್ಲಿ ಬೀಜ ಬಿತ್ತುವ ಕೂರಿಗೆ ಓಡಿದ ಸದ್ದು ಕೇಳುತ್ತಿತ್ತು. ಮಲ್ಲಮ್ಮ ಬೀಜದ ಜೋಳವನ್ನು ಹಸನು ಮಾಡುತ್ತ, ಮುಗಿದ ಮೇಲೆ ಮತ್ತೆ ಅದನ್ನೇ ಹಸನು ಮಾಡುತ್ತ ಕುಳಿತಿರುತ್ತಿದ್ದಳು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಒಣಗಿದ ಮಣ್ಣನ್ನು ಬೀರಪ್ಪ ಕಸಬರಿಗೆ ಮುಟ್ಟದೆ, ಹಾಳೆಯ ನಾಲ್ಕು ಮೂಲೆ ಎತ್ತಿ ರಾಶಿ ಮಾಡಿದ. ನಾವೇ ಒಯ್ದು ಪ್ರಯೋಗಾಲಯಕ್ಕೆ ಮುಟ್ಟಿಸಿದೆವು. ಶಾಹೀನ್ ಬೇಗಂ ಬೇರೆ ಎಲ್ಲ ಕೆಲಸ ಬದಿಗಿಟ್ಟು ಅದನ್ನೇ ಹಿಡಿದರು. ಐದನೆಯ ದಿನ ಜಹೀರಾಬಾದಿನ ಬಸ್‌ಸ್ಟ್ಯಾಂಡಿನ ಎದುರು ನಾವಿಬ್ಬರೂ ಚಹಾ ಕುಡಿಯುತ್ತಿದ್ದಾಗ ಫೋನ್ ಬಂತು.

‘ಆರೂ ಮಂದಿ ಬಂದಾರ, ಶಂಕರಪ್ಪಾರ. ಅಣ್ಣತಮ್ಮಂದಿರು ಎಲ್ಲಾರೂ ಸರಿಯಾಗಿ ತಮ್ಮ ತಮ್ಮ ಜಾಗಾದಾಗ ಅದಾರ. ಖರೇ ಅಂದ್ರ, ಎಲ್ಲಾರೂ ಬಡವ್ರು.’

ಭೂವಿಜ್ಞಾನಿಯೊಬ್ಬ ತನ್ನ ಗುಂಡಿಯಲ್ಲಿ ಏನೂ ಇಲ್ಲವೆಂದು ಕೇಳಿ ಅಷ್ಟು ಖುಷಿಪಟ್ಟದ್ದು ಹಿಂದೆ ನಡೆದಿರಲಾರದು. ಬೀರಪ್ಪನ ಕಡೆ ತಿರುಗಿದೆ. ಅವನಿಗೆ ನನ್ನ ಮುಖದಲ್ಲೇ ತಿಳಿಯಿತು. ಅರ್ಧ ಚಹಾ ಬಿಟ್ಟು ಫೋನ್ ಹಿಡಿದು ಹೊರಗೆ ಓಡಿ, ರಸ್ತೆಯ ಸದ್ದಿನ ಮೇಲೆ ಕೂಗಿದ: ‘ಅಕ್ಕಾ, ಏನೂ ಇಲ್ಲಂತ. ಕೂರಿಗಿ ಹೂಡು.’ ಸಂಜೆಯೊಳಗೆ ರಾಜಾರಾವ್ ಸಾಹೇಬರು ಕಾಗದ ಹಿಂದಕ್ಕೆ ತೆಗೆದರು. ಚಿತ್ತಿ ಮಳೆ ಇನ್ನೂ ನಾಲ್ಕು ದಿನ ಉಳಿದಿತ್ತು. ಅಷ್ಟು ಸಾಕಾಯಿತು.

ಬಿತ್ತನೆ ಮುಗಿದ ಮೇಲೆ ಒಮ್ಮೆ ಹೋಗಿದ್ದೆ. ಮಲ್ಲಮ್ಮ ಒಂದೇ ಕೇಳಿದಳು: ‘ಅದ ಅಂತ ಕಾಗದ ಬಂತು. ಇಲ್ಲ ಅಂತ ಕಾಗದ ಎಲ್ಲಿ ಅದರಿ?’ ಇಲ್ಲವೆಂದು ಬರೆದುಕೊಡುವ ಪದ್ಧತಿ ನಮ್ಮ ಇಲಾಖೆಯಲ್ಲಿಲ್ಲ. ಇಲ್ಲದ್ದರ ಫೈಲು ಸುಮ್ಮನೆ ಮುಚ್ಚುತ್ತದೆ. ನಾನು ನನ್ನ ಕ್ಷೇತ್ರ ಡೈರಿಯ ಒಂದು ಹಾಳೆ ಹರಿದು ಬರೆದೆ: ‘ಈ ಹೊಲದ ಮಣ್ಣಿನಲ್ಲಿ ಪ್ಲಾಟಿನಂ ಹೇಳಿಕೊಳ್ಳುವಷ್ಟು ಇಲ್ಲ. ಮೊದಲು ಇದೆ ಎಂದು ಬಂದದ್ದು ನನ್ನ ತಪ್ಪು.’ ಕೆಳಗೆ ಸಹಿ, ಹುದ್ದೆ. ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ ಎಂದು ಹೇಳಿದೆ. ಅವಳು ಮಡಚಿ ಒಳಗೆ ಒಯ್ದಳು.

ಹೊಸ ರಾಜ್ಯ ಬಂತು. ಜಿಲ್ಲೆ ಬದಲಾಯಿತು, ಜಮೀನಿನ ಪಾಸ್‌ಬುಕ್ಕುಗಳೂ ಬದಲಾದವು. ನಾನು ಬರೆದ ದಪ್ಪ ವರದಿಗಳು ಯಾವ ಕಪಾಟಿನಲ್ಲಿ ಇವೆಯೋ ನನಗೂ ಗೊತ್ತಿಲ್ಲ. ಆ ತರುಣರು ಬಂದು ಹೋದ ಮೇಲೆ ಮನಸ್ಸಾಗಿ, ಬೀರಪ್ಪನನ್ನು ಕರೆದುಕೊಂಡು ಮಲ್ಲಮ್ಮನ ಊರಿಗೆ ಹೋದೆ. ಅವಳಿಗೆ ಈಗ ವಯಸ್ಸಾಗಿದೆ, ಆದರೆ ಕಣ್ಣು ಇನ್ನೂ ಚುರುಕಾಗಿವೆ. ಜೋಳ ತೆನೆಗೆ ಬಂದಿತ್ತು. ಪಾಸ್‌ಬುಕ್ ಇಡುವ ಟ್ರಂಕು ತೆರೆದು, ಪ್ಲಾಸ್ಟಿಕ್ ಹಚ್ಚಿಸಿಟ್ಟ ನನ್ನ ಹಾಳೆ ತೋರಿಸಿದಳು. ಹೋದ ವರ್ಷ ಯಾರೋ ಮಷಿನ್ ಹಿಡಿದು ಬಂದಿದ್ದರಂತೆ. ಇದನ್ನು ಓದಿ, ಫೋಟೋ ತೆಗೆದುಕೊಂಡು, ಸುಮ್ಮನೆ ಹೊರಟುಹೋದರಂತೆ.

ನನ್ನ ಅಕ್ಷರ ನೋಡುವ ಆಸೆಯಾಗಿ ನಾನು ಕೈ ಚಾಚಿದೆ. ಮಲ್ಲಮ್ಮ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಟ್ರಂಕಿಗೆ ಹಾಕಿ ಬೀಗ ಜಡಿದಳು.

‘ದೂರಿಂದ ನೋಡಿದ್ರಿ, ಸಾಕು ಸಾಹೇಬ್ರ. ಕೈಯಾಗ ಕೊಟ್ರ ನೀವು ಮತ್ತ ತಪ್ಪಾತು ಅಂತೀರಿ.’